ಎರಡನೆಯ ಕಾಯಿ

1 ಅಕ್ಟೋಬರ್ 2025, ಬುಧವಾರ. ಖಂಡೇನವಮಿ

ಪೂಜೆ ಚೆನ್ನಾಗಿ ಆಯಿತು. ಅರವತ್ತೆರಡು ವರ್ಷದ ನಾನು ಈ ಒಂದು ಕೆಲಸವನ್ನಾದರೂ ಯಾರಿಂದಲೂ ಕಲಿಯಬೇಕಾಗಿಲ್ಲ.

ಸೊಲ್ಲಾಪುರದ ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ವಸಾಹತಿನ ನಮ್ಮ ಶೆಡ್ಡಿನಲ್ಲಿ ಈಗ ಎರಡೇ ಮಗ್ಗ, ಎರಡೂ ಹೊಸವು. ಅಪ್ಪನ ಕಾಲದ ಕಬ್ಬಿಣದ ಮಗ್ಗಗಳನ್ನು ಗುಜರಿಗೆ ಹಾಕಿ ಮಗ ಅಮೋಲ ಇವನ್ನು ತಂದ. ಒಂದೊಂದರ ಪಕ್ಕಕ್ಕೂ ಒಂದು ಬೂದುಬಣ್ಣದ ಪೆಟ್ಟಿಗೆ, ಅದಕ್ಕೊಂದು ಪುಟ್ಟ ಪರದೆ. ಟಾವೆಲ್ಲಿನಲ್ಲಿ ಎಲ್ಲಿ ಹೂವು ಬರಬೇಕು, ಎಲ್ಲಿ ಅಕ್ಷರ ಬರಬೇಕು ಎಂದು ಮಗ್ಗಕ್ಕೆ ಹೇಳುವುದು ಈ ಪೆಟ್ಟಿಗೆ. ಚೀನಾದ ಸರಕು. ಒಳಗೆ ಒಂದು ಸಿಮ್ ಕಾರ್ಡೂ ಇದೆಯಂತೆ. ಕೆಟ್ಟರೆ ಚೀನಾದಲ್ಲಿ ಕೂತೇ ರಿಪೇರಿ ಮಾಡುತ್ತಾರಂತೆ. ಮಗ್ಗದ ಬುದ್ಧಿಯೆಲ್ಲ ಅದರೊಳಗಿದೆ ಎನ್ನುತ್ತಾನೆ ಅಮೋಲ. ನಮ್ಮಪ್ಪನ ಕಾಲದಲ್ಲಿ ಬುದ್ಧಿ ಮಾಲೀಕನ ತಲೆಯಲ್ಲಿರುತ್ತಿತ್ತು.

ಮಗ್ಗ ನಡೆಸುವ ಗುರುಸಿದ್ಧ ಆರತಿ ತಟ್ಟೆ ಹಿಡಿದು ನಿಂತಿದ್ದ. "ಮಾಲಕ್ರ, ಕಾಯಿ ಹೊರಗ ಹೊಸ್ತಿಲಕ ಒಡಿಯೂಣ್ರಿ. ಕೊಡ್ರಿ, ನಾ ಒಡೀತೀನಿ" ಎಂದು ಕೈ ಚಾಚಿದ. ಕೊಡುತ್ತೇನೆಯೇ? ಕಾಯಿ ಒಡೆಯುವುದು ಮಾಲೀಕನ ಹಕ್ಕು. ಅಪ್ಪ ಮಗ್ಗದ ನೆತ್ತಿಯ ಮೇಲೆ ಒಡೆಯುತ್ತಿದ್ದ. ಹೊಸ ಮಗ್ಗಕ್ಕೆ ನೆತ್ತಿ ಎಲ್ಲಿದೆ? ಬುದ್ಧಿ ಎಲ್ಲಿದೆಯೋ ಅಲ್ಲಿ. ಪೆಟ್ಟಿಗೆಯ ಮೂಲೆಗೆ ಒಂದೇ ಏಟು. ನೀರು ಪೆಟ್ಟಿಗೆಯ ತುಂಬ ಹರಿಯಿತು. ಶುಭ.

ಎರಡನೆಯ ಮಗ್ಗಕ್ಕೂ ಒಡೆಯೋಣವೆಂದರೆ ಇನ್ನೊಂದು ಕಾಯಿ ಕಾಣಲಿಲ್ಲ. ಅಕ್ಕನಾಗಮ್ಮ ಚಟ್ನಿಗೆಂದು ಚೀಲಕ್ಕೆ ಹಾಕಿಕೊಂಡಿದ್ದಳು. ಹೆಂಡತಿಯಾದವಳಿಗೆ ದೇವರಿಗಿಂತ ಚಟ್ನಿ ದೊಡ್ಡದು.

ಪಕ್ಕದ ಶೆಡ್ಡಿನ ಕಸ್ತೂರಬಾಯಿ ಹೊಸ್ತಿಲ ಮೇಲೆಯೇ ಒಡೆದಳಂತೆ. ಹೊಸ್ತಿಲು ಟಾವೆಲ್ ನೇಯುತ್ತದೆಯೇ? ಗಂಡ ಹೋದ ಮೇಲೆ ನಾಲ್ಕು ಮಗ್ಗ ನಡೆಸುತ್ತಿದ್ದಾಳೆ, ನನಗಿಂತ ಎರಡು ಹೆಚ್ಚು. ಅವಳ ಶೆಡ್ಡಿನ ಬಣ್ಣದ ನೀರು ನಮ್ಮ ಬಾಗಿಲ ಮುಂದೆ ಹರಿಯುತ್ತದೆ. ಹೇಳಿದರೆ "ಅಣ್ಣಾ, ನೀರಿಗೇನು ದಾರಿ ನಾ ತೋರಿಸೀನೇನ್ರಿ" ಎನ್ನುತ್ತಾಳೆ.

ಇದನ್ನೆಲ್ಲ ಕನ್ನಡದಲ್ಲಿ ಬರೆಯುವುದಕ್ಕೆ ಭಾಷಾಭಿಮಾನ ಕಾರಣವಲ್ಲ. ಅಮೋಲ ಮರಾಠಿ ಸಾಲೆಯವನು, ಮಾತು ಕನ್ನಡ, ಓದಲು ಬಾರದು. ಅಕ್ಕನಾಗಮ್ಮನಿಗೆ ಕನ್ನಡಕ ಹುಡುಕುವುದರಲ್ಲೇ ದಿನ ಮುಗಿಯುತ್ತದೆ. ಈ ಡೈರಿ ಇಡುವ ಕಪಾಟಿಗೆ ಬೀಗ ಬೇಕಾಗಿಲ್ಲ.

3 ಅಕ್ಟೋಬರ್, ಶುಕ್ರವಾರ

ದಸರಾ ರಜೆ ಮುಗಿಸಿ ಸ್ವಿಚ್ ಹಾಕಿದರೆ ಒಂದನೆಯ ಮಗ್ಗದ ಪೆಟ್ಟಿಗೆ ಠಪ್ ಎಂದಿತು. ಹೊಗೆ. ಪರದೆ ಕಪ್ಪು.

ಪೂಜೆಯ ಹೊತ್ತಿಗೆ ಶೆಡ್ಡಿನಲ್ಲಿರದ ಅಮೋಲ ನೇರವಾಗಿ ಗುರುಸಿದ್ಧನ ಮೇಲೆ ಬಿದ್ದ. "ಹಸಿ ಕೈಲೆ ಸ್ವಿಚ್ ಹಾಕೀದಿ. ನಾಳಿಂದ ಬರಬ್ಯಾಡ" ಎಂದ. ಗುರುಸಿದ್ಧ ನನ್ನ ಮುಖ ನೋಡಿದ. ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಚೆನ್ನಾಗಿತ್ತು, ಬಯ್ಯಬಹುದಿತ್ತು. ಸುಮ್ಮನಿರುವವನನ್ನು ಏನು ಮಾಡುವುದು?

ಅವನ ಕೆಲಸ ಉಳಿಸಬೇಕಿತ್ತು. ನನ್ನ ಮರ್ಯಾದೆಯೂ ಉಳಿಯಬೇಕಿತ್ತು. ಬಾಯಿಗೆ ಬಂದದ್ದು ಹೇಳಿದೆ. "ಅವನೇನ್ ಮಾಡ್ತಾನೋ? ಇದು ಚೀನಾದವರ ಕೆಲಸ. ಒಳಗ ಸಿಮ್ ಅದ. ಅಲ್ಲೇ ಕುಂತು ಬಂದ್ ಮಾಡ್ಯಾರ."

ಹೇಳಿದ ಮೇಲೆ ನನಗೇ ನಿಜವೆನಿಸಿತು. ಎಷ್ಟಾದರೂ ಟಿವಿಯಲ್ಲಿ ದಿನವೂ ಅದೇ ಜಗಳ. ಅಮೆರಿಕ ನಮ್ಮ ಟಾವೆಲ್ಲಿಗೆ ಸುಂಕ ಏರಿಸಿದೆ, ಚೀನಾ ಯಂತ್ರದ ಭಾಗ ಕೊಡಲು ಮುಖ ತಿರುಗಿಸಿದೆ, ಸೂಟು ಹಾಕಿದವರು ದುಂಡು ಮೇಜಿನ ಸುತ್ತ ಕೂತು ನಗುತ್ತಾ ಫೋಟೊ ತೆಗೆಸಿಕೊಳ್ಳುತ್ತಾರೆ. ಅಷ್ಟೆಲ್ಲ ಮಾಡುವವರು ನನ್ನ ಪೆಟ್ಟಿಗೆ ಬಿಟ್ಟಾರೆಯೇ?

ಗುರುಸಿದ್ಧನ ಕೆಲಸ ಉಳಿಯಿತು.

5 ಅಕ್ಟೋಬರ್, ಭಾನುವಾರ

ಹೊಸ ಪೆಟ್ಟಿಗೆ ಸಿಗುವುದಿಲ್ಲ. ಡೀಲರ್ ಫೋನಿನಲ್ಲಿ ಅಳುವ ದನಿಯಲ್ಲಿ ವಿವರಿಸಿದ. ಚೀನಾದ ಜತೆ ವ್ಯಾಪಾರದ ತಕರಾರು ಇರುವುದರಿಂದ ದಿಲ್ಲಿಯವರು ಹೊಸ ನಿಯಮ ಮಾಡಿದ್ದಾರಂತೆ. ದೂರದಿಂದ ಮಾತಾಡಬಲ್ಲ ಯಾವ ಪೆಟ್ಟಿಗೆಯೂ ಪರೀಕ್ಷೆಯಾಗಿ ಮುದ್ರೆ ಬೀಳದೆ ಬಂದರು ದಾಟುವಂತಿಲ್ಲ. ಪರೀಕ್ಷೆ ಮಾಡುವ ಯಂತ್ರ ಎಲ್ಲಿಂದ ಬರಬೇಕು ಎಂದು ಕೇಳಿದೆ. ಚೀನಾದಿಂದ ಎಂದ.

ಸಿಟ್ಟು ಬಂದು ಮಗ್ಗದ ಮಾಲೀಕರ ವಾಟ್ಸಾಪ್ ಗುಂಪಿನಲ್ಲಿ ಬರೆದೆ: ನನ್ನ ಮಗ್ಗವನ್ನು ಚೀನಾ ದೂರದಿಂದ ನಿಲ್ಲಿಸಿದೆ, ಎಚ್ಚರ. ಎಪ್ಪತ್ತು ಜನ ಕೈಮುಗಿದ ಚಿತ್ರ ಹಾಕಿದರು. ಕಸ್ತೂರಬಾಯಿ ಒಂದು ಪ್ರಶ್ನೆ ಹಾಕಿದಳು: "ಅಣ್ಣಾ, ಎರಡನೇ ಮಗ್ಗ ಯಾಕ ಬಿಟ್ಟಾರ್ರಿ ಹಂಗಾರ?"

ಹೆಂಗಸರಿಗೆ ದೇಶದ ವಿಷಯ ತಿಳಿಯುವುದಿಲ್ಲ.

11 ಅಕ್ಟೋಬರ್, ಶನಿವಾರ

ಪೇಪರಿನಲ್ಲಿ ನನ್ನ ಫೋಟೊ! ಸತ್ತ ಪೆಟ್ಟಿಗೆಯ ಮೇಲೆ ಕೈ ಇಟ್ಟುಕೊಂಡು ನಿಂತಿದ್ದೇನೆ, ಬೇಟೆಯಾಡಿದ ಸಂಸ್ಥಾನಿಕರ ಹಾಗೆ. ಹೊಟ್ಟೆ ಸ್ವಲ್ಪ ಹೆಚ್ಚು ಬಂದಿದೆ. "ಸೊಲ್ಲಾಪುರದ ಮಗ್ಗದ ಮೇಲೆ ವಿದೇಶಿ ಕಣ್ಣು" ಎಂದು ದಪ್ಪ ಅಕ್ಷರ. ವರದಿಗಾರ ಹುಡುಗ ಪೂರ್ತಿ ಹತ್ತು ನಿಮಿಷ ನನ್ನ ಮಾತು ಕೇಳಿದ. ಮನೆಯಲ್ಲಿ ಅಷ್ಟು ಹೊತ್ತು ಯಾರೂ ಕೇಳಿಲ್ಲ.

ಅಕ್ಕನಾಗಮ್ಮ ಪೇಪರ್ ನೋಡಿ, "ಪೆಟ್ಟಿಗಿ ಮ್ಯಾಲ ಬಿಳೇದು ಏನೋ ಒಣಗಿ ಅಂಟೇದಲ್ರಿ, ಏನದು?" ಎಂದಳು. ಕನ್ನಡಕ ಹಾಕಿಕೋ ಎಂದೆ. ಹಾಕಿಕೊಂಡೇ ಇದ್ದಳು.

22 ಅಕ್ಟೋಬರ್, ಬುಧವಾರ. ದೀಪಾವಳಿ ಪಾಡ್ಯ

ಮಗ್ಗದ ಮಾಲೀಕರ ಸಂಘದ ಸಭೆಯಲ್ಲಿ ಶಾಲು, ಹಾರ. ಅಧ್ಯಕ್ಷರು ನನ್ನನ್ನು ಸೊಲ್ಲಾಪುರದ ಕಾವಲುಗಾರ ಎಂದರು. ಸಂಘದವರು ಕಳಿಸಿದ ನನ್ನ ದೂರು ಪುಣೆ ದಾಟಿ ದಿಲ್ಲಿ ಮುಟ್ಟಿದೆಯಂತೆ. ಅಲ್ಲಿ ಇಂಥದ್ದೊಂದಕ್ಕಾಗಿಯೇ ಕಾಯುತ್ತಿದ್ದರಂತೆ. ಮಾತುಕತೆಯ ಮೇಜಿನ ಮೇಲೆ ಇಡಲು ಒಂದು ಉದಾಹರಣೆ ಬೇಕಿತ್ತು, ನಾನು ಒದಗಿಸಿದೆ.

ಭಾಷಣ ಮಾಡಿದೆ. ದೇಶ ಎಂಬ ಮಾತು ಬಂದಾಗಲೆಲ್ಲ ಚಪ್ಪಾಳೆ ಬಿತ್ತು. ಹಿಂದಿನ ಸಾಲಿನಲ್ಲಿ ಗುರುಸಿದ್ಧ ಕೂತಿದ್ದ. ಅವನೂ ಚಪ್ಪಾಳೆ ತಟ್ಟಿದ, ಎಲ್ಲರೂ ನಿಲ್ಲಿಸಿದ ಮೇಲೂ ಒಂದೆರಡು ಸಲ. ಅದು ನನಗೆ ಸರಿಬೀಳಲಿಲ್ಲ.

6 ನವೆಂಬರ್, ಗುರುವಾರ

ದಿಲ್ಲಿಯಿಂದ ಆದೇಶ ಬಂದಿದೆ. ನನ್ನ ಪೆಟ್ಟಿಗೆಯ ಕಂಪನಿಯ ಪೆಟ್ಟಿಗೆಗಳು ಎಲ್ಲೆಲ್ಲಿ ಇವೆಯೋ ಅಲ್ಲೆಲ್ಲ ಸೀಲ್ ಹಾಕಬೇಕು, ಪ್ರಯೋಗಾಲಯದಲ್ಲಿ ಬಿಚ್ಚಿ ನೋಡುವ ತನಕ ಮಗ್ಗ ತಿರುಗಕೂಡದು. ನಮ್ಮ ರಸ್ತೆಯೊಂದರಲ್ಲೇ ಅಂಥ ಮಗ್ಗ ಮೂವತ್ತರ ಮೇಲಿವೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು.

ಎಮ್ಮೆ ಅಂದರೆ ಕಸ್ತೂರಬಾಯಿ ಎಂದಲ್ಲ. ಅವಳ ನಾಲ್ಕೂ ಮಗ್ಗ ಅದೇ ಕಂಪನಿಯವು.

10 ನವೆಂಬರ್, ಸೋಮವಾರ

ಪುಣೆಯಿಂದ ಒಬ್ಬ ತಪಾಸಣೆ ಸಾಹೇಬ ಬಂದು ಅಂಥ ಎಲ್ಲ ಮಗ್ಗಕ್ಕೂ ಅರಗಿನ ಸೀಲ್ ಹಾಕಿ ಹೋದ. ನನ್ನ ಎರಡನೆಯ ಮಗ್ಗ ಒಂದನ್ನು ಮಾತ್ರ ಬಿಟ್ಟಿದ್ದಾನೆ! ಅದಕ್ಕೆ ಒಂದು ಪುಟ್ಟ ಮೀಟರು ಕಟ್ಟಿದ್ದಾನೆ. ಮಗ್ಗ ತಿರುಗುತ್ತಿರಬೇಕು, ಚೀನಾದ ಸಂದೇಶ ಬಂದ ಕೂಡಲೇ ಮೀಟರು ಹಿಡಿಯುತ್ತದೆ. ಬೋನಿನಲ್ಲಿ ಮೇಕೆ ಕಟ್ಟಿ ಹುಲಿ ಕಾಯುವ ಉಪಾಯ.

ಇಡೀ ರಸ್ತೆಯಲ್ಲಿ ಸದ್ದು ಮಾಡುವುದು ಈಗ ನನ್ನ ಮಗ್ಗ ಒಂದೇ. ಸಂಜೆಯೊಳಗೆ ಐದು ಆರ್ಡರ್ ಬಂದವು, ಎಲ್ಲ ಬೇರೆಯವರವು. ಅಮೋಲ ಕುಣಿಯುತ್ತಿದ್ದಾನೆ. "ಅಪ್ಪಾ, ನೀವ್ ಚೀನಾಕ್ಕ ಬೈದಿದ್ದು ಭಾಳ ಚಲೋ ಆತ ನೋಡ್ರಿ" ಎಂದ. ಮೂವತ್ತನಾಲ್ಕು ವರ್ಷದಲ್ಲಿ ಮೊದಲ ಸಲ ಮಗ ನನ್ನನ್ನು ಹೊಗಳಿದ್ದು.

ರುಚಿಯಾಗಿ ಊಟ ಮಾಡಿದೆ.

14 ನವೆಂಬರ್, ಶುಕ್ರವಾರ

ಕಸ್ತೂರಬಾಯಿ ಬಂದಿದ್ದಳು. ಜಗಳಕ್ಕೆ ಎಂದುಕೊಂಡು ಕುರ್ಚಿಯಲ್ಲಿ ಸರಿಯಾಗಿ ಕೂತೆ. ಜಗಳಕ್ಕಲ್ಲ. ಕೈಯಲ್ಲಿ ಒಂದು ನಮೂನೆ ಟಾವೆಲ್ ಇತ್ತು. ಬಿಳಿ, ಅಂಚಿಗೆ ಕೇಸರಿ ಗೆರೆ, ಮೂಲೆಯಲ್ಲಿ ಅಕ್ಕಲಕೋಟದ ಒಂದು ಲಾಡ್ಜಿನ ಹೆಸರು. ದತ್ತ ಜಯಂತಿಗೆ ಸ್ವಾಮಿಗಳ ದರ್ಶನಕ್ಕೆ ಬರುವ ಜನರಿಗಾಗಿ ಲಾಡ್ಜಿನವರು ಪ್ರತಿವರ್ಷ ಅವಳಿಂದಲೇ ನೇಯಿಸುತ್ತಾರೆ. ಅವಳ ಗಂಡ ಹಿಡಿದ ಗಿರಾಕಿ.

"ಅಣ್ಣಾ, ಇದು ನೀವ್ ನೇಯ್ರಿ. ಲಾಡ್ಜಿನವ್ರಿಗಿ ನಾನೇ ಹೇಳೀನಿ. ಹಬ್ಬಕ್ಕ ಅವರಿಗಿ ಟಾವೆಲ್ ಮುಟ್ಟಬೇಕು, ಯಾರರ ನೇಯಲಿ. ಈ ಕೇಸರಿ ಗೆರಿ ಮಾತ್ರ ಬಿಗಿ ಇರಬೇಕ್ರಿ, ನಮ್ಮವರು ಅದ್ರಾಗ ಭಾಳ ಹಟ ಮಾಡ್ತಿದ್ರು" ಎಂದಳು.

"ನಿನ್ನ ಕೆಲಸದ ಮಂದಿ?" ಎಂದು ಕೇಳಿದೆ.

"ಸೋಮವ್ವ ಬೀಡಿ ಕಟ್ಟಾಕ ಹೊಂಟಾಳ. ಹುಡುಗ್ರು ಮಗ್ಗದ ಕೆಲಸಕ್ಕ ಭಿವಂಡಿಗಿ ಹೋಗ್ತೀವಿ ಅಂತಾರ. ಒಮ್ಮಿ ಹೋದ್ರ ಯಾರ್ ಬರ್ತಾರ್ರಿ ತಿರುಗಿ?" ಎಂದು ನಕ್ಕಳು. "ಚೀನಾದವ್ರು ನಮ್ಮ ಮ್ಯಾಲ ಯಾಕ ಸಿಟ್ಟಾಗ್ಯಾರೋ. ನಾವೇನ್ ಮಾಡಿದ್ವಿ ಅವರಿಗಿ?"

ನಾನು ಟಾವೆಲ್ ಮಡಚತೊಡಗಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ನನ್ನದು ತೆಂಗಿನಕಾಯಿ, ಅಷ್ಟೇ ವ್ಯತ್ಯಾಸ.

ಬರೆದುಬಿಟ್ಟೆ. ಇರಲಿ. ಹೌದು, ಪೆಟ್ಟಿಗೆಗೆ ಕಾಯಿಯ ನೀರು ಹೋದದ್ದರಿಂದಲೇ ಅದು ಸತ್ತಿತು. ಗುರುಸಿದ್ಧನಿಗೆ ಗೊತ್ತು, ಅಕ್ಕನಾಗಮ್ಮನಿಗೆ ಗೊತ್ತು. ನನಗೆ ಮೊದಲ ದಿನವೇ ಗೊತ್ತಿತ್ತು. ಗೊತ್ತಿಲ್ಲದ್ದು ದಿಲ್ಲಿಗೆ ಮತ್ತು ಚೀನಾಕ್ಕೆ.

15 ನವೆಂಬರ್, ಶನಿವಾರ

ಸಂಘದ ಅಧ್ಯಕ್ಷರ ಮನೆಗೆ ಹೋಗಿ ನಿಜ ಹೇಳಿದೆ. ಅವರು ಎದ್ದು ಹೋಗಿ ಕಿಟಕಿ ಮುಚ್ಚಿ ಬಂದರು.

"ನಾಗಣ್ಣಾ, ನಿಮಗ ತಲಿ ಕೆಟ್ಟದೇನ್ರಿ? ದಿಲ್ಲಿ ಮಟ ಹೋಗೇದ ಮಾತು. ಈಗ ತೆಂಗಿನಕಾಯಿ ಅಂದ್ರ ಸೊಲ್ಲಾಪುರದ ಮಾನ ಹೋಗ್ತದ. ಸುಮ್ಮ ಇರ್ರಿ, ನಿಮ್ಮ ಮಗ್ಗ ನಡದದಲ್ಲ!"

ಶಾಲು ವಾಪಸು ಕೊಡಲೇ ಎಂದೆ. ಸಂಘದ ಖರ್ಚಿಗೆ ಬರೆದಾಗಿದೆ, ತೆಗೆದುಕೊಳ್ಳಲು ಬರುವುದಿಲ್ಲ ಎಂದರು.

17 ನವೆಂಬರ್, ಸೋಮವಾರ

ಪುಣೆಯ ಸಾಹೇಬನಿಗೆ ಫೋನ್ ಮಾಡಿದೆ. ಒಳ್ಳೆಯ ಹುಡುಗ, ತಾಳ್ಮೆಯಿಂದ ಕೇಳಿದ. ಯಂತ್ರ ಕೆಟ್ಟ ಕಾರಣಕ್ಕೆ ಅವನ ಫಾರ್ಮಿನಲ್ಲಿ ನಾಲ್ಕೇ ಆಯ್ಕೆ ಇವೆಯಂತೆ: ಬೆಂಕಿ, ವೋಲ್ಟೇಜು, ತಯಾರಿಕೆಯ ದೋಷ, ವಿದೇಶಿ ಹಸ್ತಕ್ಷೇಪ. "ಕಾಕಾ, ನಾರಳಾಚಾ ಕಾಲಮ್ ನಾಹೀ" ಎಂದ. ತೆಂಗಿನಕಾಯಿಗೆ ಕಾಲಮ್ಮೇ ಇಲ್ಲ!

ನಾನೇ ಸಹಿ ಮಾಡಿ ಬರೆದುಕೊಡುತ್ತೇನೆ ಎಂದೆ. ಚೀನಾದವರು ನಿಮ್ಮನ್ನು ಹೆದರಿಸಿದ್ದಾರೆಯೇ ಎಂದು ದನಿ ತಗ್ಗಿಸಿ ಕೇಳಿದ. ಈ ದೇಶದಲ್ಲಿ ಸುಳ್ಳು ಹೇಳಲು ಒಂದು ನಿಮಿಷ ಸಾಕು, ನಿಜ ಹೇಳಲು ಸಾಕ್ಷಿ ಬೇಕು.

ನಾಡಿದ್ದು ಮೀಟರು ನೋಡಲು ಬರುತ್ತಾನೆ. ಮೀಟರಿನಲ್ಲಿ ಏನೂ ಸಿಗದಿದ್ದರೆ ಎಲ್ಲ ಪೆಟ್ಟಿಗೆಗಳನ್ನೂ ಕಳಚಿ ಪ್ರಯೋಗಾಲಯಕ್ಕೆ ಒಯ್ಯುತ್ತಾರಂತೆ. ಯಾವಾಗ ತಿರುಗಿ ಬರುತ್ತವೆ ಎಂದು ಕೇಳಿದೆ. ಎರಡು ದೇಶದ ಮಾತುಕತೆ ಮುಗಿದ ಮೇಲೆ ಎಂದ. ಆ ಮಾತುಕತೆ ನಾನು ಪಂಚೆ ಉಡಲು ಕಲಿತಾಗಿನಿಂದ ನಡೆಯುತ್ತಿದೆ.

18 ನವೆಂಬರ್, ಮಂಗಳವಾರ

ಇವತ್ತು ಶೆಡ್ಡಿನಲ್ಲಿ ಲಾಡ್ಜಿನ ಟಾವೆಲ್ಲಿನ ಮೊದಲ ಸುರುಳಿ ಇಳಿಯಿತು. ಕೇಸರಿ ಗೆರೆ ಬಿಗಿಯಾಗಿಲ್ಲ. ಗುರುಸಿದ್ಧ ಎರಡು ಸಲ ಬಿಚ್ಚಿ ಹಾಕಿದ, ಆದರೂ ಆಗಲಿಲ್ಲ. "ಅಕ್ಕಾರ ಶೆಡ್ಡಿನ್ಯಾಗ ಸೋಮವ್ವ ಹಿಡಿತಾಳ್ರಿ ಈ ಗೆರಿ. ನನ್ನ ಕೈಗಿ ಬರವಲ್ದು" ಎಂದ.

ಪಕ್ಕದ ಶೆಡ್ಡಿನಲ್ಲಿ ಸದ್ದಿಲ್ಲ. ಇಷ್ಟು ವರ್ಷ ಆ ಸದ್ದಿಗೆ ಶಾಪ ಹಾಕಿದ್ದೇನೆ. ಫೋನಿನಲ್ಲಿ ಮಾತು ಕೇಳಿಸುತ್ತಿರಲಿಲ್ಲ. ಈಗ ಎಲ್ಲ ಕೇಳಿಸುತ್ತದೆ. ಬಾಗಿಲ ಮುಂದೆ ಬಣ್ಣದ ನೀರೂ ಇಲ್ಲ, ನೆಲ ಒಣಗಿ ಬಿರುಕು ಬಿಟ್ಟಿದೆ. ಯಾಕೋ ಕೊಡ ತಂದು ಸ್ವಲ್ಪ ನೀರು ಚಿಮುಕಿಸಿದೆ. ಧೂಳು ಏಳುತ್ತಿತ್ತು.

ರಾತ್ರಿ ಊಟದ ಹೊತ್ತಿಗೆ ಅಕ್ಕನಾಗಮ್ಮನಿಗೆ ಒಂದು ಮಾತು ಕೇಳಿದೆ. "ಎರಡನೇ ಪೆಟ್ಟಿಗಿ ಹಾಳಾತಂದ್ರ ನಮ್ಮ ಗತಿ ಏನ?"

ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ನಾ ಬಂದಾಗ ಒಂದೂ ಪೆಟ್ಟಿಗಿ ಇರಲಿಲ್ಲ. ಉಂಡೀವಲ್ರಿ" ಎಂದಳು.

19 ನವೆಂಬರ್, ಬುಧವಾರ

ಬೆಳಿಗ್ಗೆ ಮನೆಯಿಂದ ಹೊರಡುವಾಗ ಅಕ್ಕನಾಗಮ್ಮ ಚೀಲ ಕೊಟ್ಟಳು. ಒಳಗೆ ಜುಟ್ಟು ತೆಗೆಯದ ಒಂದು ತೆಂಗಿನಕಾಯಿ. "ಈ ಸಲ ಚಟ್ನಿಗಿ ಇಟ್ಕೊಂಡಿಲ್ಲ" ಎಂದಳು. ಅಷ್ಟೇ.

ಸಾಹೇಬ ಬಂದಾಗ ಶೆಡ್ಡು ತುಂಬ ಜನ. ಅಧ್ಯಕ್ಷರು, ವರದಿಗಾರ ಹುಡುಗ, ಮಗ್ಗ ನಿಂತ ಮಾಲೀಕರು, ಹಿಂದೆ ಕಸ್ತೂರಬಾಯಿ. ಎರಡನೆಯ ಮಗ್ಗ ತಿರುಗುತ್ತಿತ್ತು. ಮೀಟರಿನಲ್ಲಿ ಏನೂ ಇಲ್ಲ. ಚೀನಾದಿಂದ ಒಂದು ಮಿಸ್ಡ್ ಕಾಲ್ ಕೂಡ ಬಂದಿಲ್ಲ. ಹಾಗಾದರೆ ಪೆಟ್ಟಿಗೆಗಳನ್ನು ಕಳಚಬೇಕಾಗುತ್ತದೆ ಎಂದ ಸಾಹೇಬ.

"ನಿಲ್ರಿ ಸಾಹೇಬ್ರ" ಎಂದು ಚೀಲದಿಂದ ಕಾಯಿ ತೆಗೆದೆ. ಏನು ಹೇಳಿದೆನೋ ಪೂರ್ತಿ ನೆನಪಿಲ್ಲ. ಖಂಡೇನವಮಿಯ ದಿನ ಒಂದನೆಯ ಮಗ್ಗಕ್ಕೆ ಹೀಗೆ ಒಡೆದೆ ಎಂದೆ, ಎರಡನೆಯದಕ್ಕೆ ಒಡೆಯಲಿಲ್ಲ, ಅದಕ್ಕೇ ಅದು ಬದುಕಿದೆ ಎಂದೆ. ಕನ್ನಡ, ಮರಾಠಿ, ಹಿಂದಿ ಎಲ್ಲ ಕಲಸಿಹೋಯಿತು. ಅಮೋಲ "ಅಪ್ಪಾ, ಬ್ಯಾಡ್ರಿ! ಐದು ಆರ್ಡರ್ ಅದಾವ!" ಎಂದು ಓಡಿಬಂದ. ಗುರುಸಿದ್ಧ ಅಡ್ಡ ನಿಂತು ಅವನ ಭುಜ ಹಿಡಿದ. ಮಾಲೀಕನ ಮಗನನ್ನು ಹಿಡಿಯಬಾರದು ಎಂದು ಅವನಿಗೆ ಗೊತ್ತಿಲ್ಲವೇ? ಗೊತ್ತಿದೆ.

ಒಂದೇ ಏಟು. ನೀರು ಪೆಟ್ಟಿಗೆಯೊಳಗೆ ಇಳಿಯಿತು. ಠಪ್. ಅದೇ ಸದ್ದು, ಅದೇ ಹೊಗೆ. ಪರದೆ ಕಪ್ಪಾಯಿತು. ಮಗ್ಗ ಅರ್ಧ ಅಕ್ಷರಕ್ಕೆ ನಿಂತಿತು.

ಬಹಳ ದುಃಖವಾಯಿತು. ಸುಳ್ಳು ಹೇಳುವುದಿಲ್ಲ, ಇಂಥ ಚೆಂದದ ಮಗ್ಗ.

ಸಾಹೇಬ ಬಗ್ಗಿ ಮೂಸಿ ನೋಡಿದ. ಆಮೇಲೆ ಸತ್ತ ಒಂದನೆಯ ಪೆಟ್ಟಿಗೆಯನ್ನೂ ಬಿಚ್ಚಿಸಿ ಮೂಸಿದ. ಒಳಗೆ ಒಣಗಿದ ಬಿಳಿ ಕಲೆ. ಫಾರ್ಮಿನ ಕೆಳಗೆ ಪೆನ್ನಿನಲ್ಲಿ ಗೆರೆ ಎಳೆದು ಐದನೆಯ ಕಾಲಮ್ ತಾನೇ ಬರೆದ.

ಮೊದಲು ನಕ್ಕವಳು ಕಸ್ತೂರಬಾಯಿ. ನಗುತ್ತಾ ನಗುತ್ತಾ ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಅಣ್ಣಾ, ಚೀನಾಕ್ಕ ಒಂದ್ ಕಾಯಿ ಕಳಸಬೇಕಿತ್ರಿ, ಯುದ್ಧ ಮುಗೀತಿತ್ತು!"

ಆಮೇಲೆ ಎಲ್ಲರೂ ನಕ್ಕರು. ನನ್ನನ್ನು ನೋಡಿಯೇ ನಕ್ಕರು. ನಾನೂ ಸೇರಿಕೊಂಡೆ, ಬೇರೆ ಏನು ಮಾಡುವುದು?

21 ನವೆಂಬರ್, ಶುಕ್ರವಾರ

ಸೀಲ್ ಒಡೆದರು. ಪಕ್ಕದ ಶೆಡ್ಡಿನಲ್ಲಿ ಸದ್ದು ಶುರು. ಸೋಮವ್ವ, ಹುಡುಗರು ಎಲ್ಲ ಮರಳಿದ್ದಾರೆ, ಲಾಡ್ಜಿನ ಟಾವೆಲ್ಲಿನ ಕೆಲಸವೂ ಅಲ್ಲಿಗೇ ಹೋಯಿತು. ಫೋನಿನಲ್ಲಿ ಏನೂ ಕೇಳಿಸುತ್ತಿಲ್ಲ.

ಅಮೋಲ ನನ್ನ ಜತೆ ಮಾತಾಡುತ್ತಿಲ್ಲ.

4 ಡಿಸೆಂಬರ್, ಗುರುವಾರ. ದತ್ತ ಜಯಂತಿ

ಟೆಂಪೊದಲ್ಲಿ ಕಸ್ತೂರಬಾಯಿಯ ಜತೆ ಅಕ್ಕಲಕೋಟಕ್ಕೆ ಹೋಗಿ ಬಂದೆ. ಟಾವೆಲ್ ನಿನ್ನೆಯೇ ಮುಟ್ಟಿದ್ದವು. ದರ್ಶನಕ್ಕೆ ಉದ್ದ ಸಾಲು. ಎದುರಿಗೆ ಲಾಡ್ಜಿನ ಬಾಲ್ಕನಿಗಳ ತುಂಬ ಬಿಳಿ ಟಾವೆಲ್ ಒಣಗುತ್ತಿದ್ದವು. ಕೇಸರಿ ಗೆರೆ ಬಿಗಿಯಾಗಿತ್ತು. "ಸೋಮವ್ವನ ಕೈ" ಎಂದೆ. ಕಸ್ತೂರವ್ವ (ಈಗ ಹಾಗೆಯೇ ಕರೆಯುತ್ತೇನೆ) ತಲೆಯಾಡಿಸಿದಳು, ಮೇಲೆ ನೋಡುತ್ತಲೇ ಇದ್ದಳು.

ನಮ್ಮ ಐದು ಆರ್ಡರುಗಳಲ್ಲಿ ಮೂರು ಅವರವರ ಮಾಲೀಕರಿಗೆ ಹಿಂದಿರುಗಿದವು, ಎರಡನ್ನು ನಮಗಾಗಿ ಕಸ್ತೂರವ್ವನ ಶೆಡ್ಡಿನಲ್ಲಿ ನೇಯುತ್ತಿದ್ದಾರೆ. ಗುರುಸಿದ್ಧ ಅಲ್ಲಿಯೇ ದುಡಿಯುತ್ತಿದ್ದಾನೆ. ನೇಯ್ಗೆಯ ರೇಟನ್ನು ಮಾತ್ರ ಅವಳು ಒಂದು ಪೈಸೆ ಕಡಿಮೆ ಮಾಡಲಿಲ್ಲ, ತಂಗಿಯಂತೆ ತಂಗಿ!

27 ಡಿಸೆಂಬರ್, ಶನಿವಾರ

ಒಂದು ಹೊಸ ಪೆಟ್ಟಿಗೆ ಬಂತು. ಒಂದೇ, ಇನ್ನೊಂದು ಯಾವಾಗಲೋ. ಅದೇ ಚೀನಾದ ಕಂಪನಿಯ ಅದೇ ಪೆಟ್ಟಿಗೆ. ನಡುವೆ ಯಾವುದೋ ಮೂರನೆಯ ದೇಶದಲ್ಲಿ ಇಳಿದು ಹೊಸ ಹೆಸರಿನ ಚೀಟಿ ಅಂಟಿಸಿಕೊಂಡು ಬಂದಿದೆ. ಅದರ ಮೇಲೆ ನಮ್ಮ ದೇಶದ ಮುದ್ರೆ. ಅಮೆರಿಕ, ಚೀನಾ, ದಿಲ್ಲಿ ಇಷ್ಟು ದಿನ ಹೊಡೆದಾಡಿ ಸಾಧಿಸಿದ್ದು ಒಂದು ಚೀಟಿ.

ಅಲ್ಲ, ಎರಡು. ಕೆಳಗೆ ಇನ್ನೊಂದಿದೆ: ತೆಂಗಿನಕಾಯಿಯ ಚಿತ್ರ, ಅದರ ಮೇಲೆ ಕೆಂಪು ಅಡ್ಡಗೆರೆ. ಇನ್ನು ಮೇಲೆ ಇದನ್ನು ಎಲ್ಲ ಮಗ್ಗಕ್ಕೂ ಅಂಟಿಸಬೇಕಂತೆ. ನಿಯಮ ನಾನು ಮಾಡಿಸಿದ್ದು, ಹೆಸರು ಹಾಕಿಲ್ಲ.

ಅಮೋಲ ಪೆಟ್ಟಿಗೆ ಜೋಡಿಸಿ, ತನ್ನಷ್ಟಕ್ಕೆ ಎಂಬಂತೆ "ಪೂಜಿ ಮಾಡೂದಿದ್ರ ಹೊರಗ ಮಾಡ್ರಿ" ಎಂದ. ತಿಂಗಳ ಮೇಲೆ ಮೊದಲ ಮಾತು. ಕಸ್ತೂರವ್ವ ತನ್ನ ಮಂದಿಯನ್ನೆಲ್ಲ ಕರೆದುಕೊಂಡು ಬಂದಳು. ಅಕ್ಕನಾಗಮ್ಮ ಕಾಯಿ ತಂದಿದ್ದಳು. ಎಲ್ಲರೂ ಹೊಸ್ತಿಲ ಹತ್ತಿರ ನಿಂತೆವು. ಆದರೂ ಒಳಗೆ ಸೋಮವ್ವ ಪೆಟ್ಟಿಗೆಯ ಮೇಲೆ ಛತ್ರಿ ಬಿಚ್ಚಿ ಹಿಡಿದು ನಿಂತಿದ್ದಳು. ನನ್ನ ಮೇಲೆ ಎಷ್ಟು ನಂಬಿಕೆ!

ಕಾಯಿ ನನ್ನ ಕೈಗೆ ಬಂತು. ಗುರುಸಿದ್ಧ ತಟ್ಟೆ ಹಿಡಿದು ನಿಂತಿದ್ದ. ಈ ಸಲ ಅವನು ಕೈ ಚಾಚಲಿಲ್ಲ. ನಾನೇ ಅವನ ಕೈಗೆ ಕಾಯಿ ಕೊಟ್ಟು ತಟ್ಟೆ ಇಸಿದುಕೊಂಡೆ. ಭುಜ ಸ್ವಲ್ಪ ನೋಯುತ್ತಿತ್ತು, ಚಳಿಗೆ ಇರಬೇಕು.

ಹೊಸ್ತಿಲ ಮೇಲೆ ಸರಿಯಾಗಿ ಎರಡು ಹೋಳಾಯಿತು. ನನಗಿಂತ ಚೆನ್ನಾಗಿ ಒಡೆಯುತ್ತಾನೆ. ಅದನ್ನು ಅವನಿಗೆ ಹೇಳಲಿಲ್ಲ.